ಬೀದಿಯ ಹಾಡೂ ಬೈಠಕ್ಕಿನ ರಾಗವೂ

ಜನರ ಬಾಯಲ್ಲಿ ನಲಿದಾಡುತ್ತಿರುವ ಹಾಡೊಂದನ್ನು ಎತ್ತಿಕೊಂಡು, ಅದಕ್ಕೆ ಹಳೆಯ ಕಾಲದ ಸಂಗೀತದ ಉಡುಪನ್ನು ತೊಡಿಸಿ ಸಭೆಯ ಮುಂದೆ ನಿಲ್ಲಿಸುವುದು ಕೇವಲ ವಿನೋದವೆಂದು ಬಹುಜನರು ಎಣಿಸುವರು. ವಿನೋದವು ಅದರಲ್ಲಿ ಇಲ್ಲವೆಂದಲ್ಲ. ಆದರೆ ವಿನೋದಕ್ಕಾಗಿ ತೊಡಗಿದ ಈ ಕೆಲಸದಿಂದ ವಿನೋದಕ್ಕಿಂತ ಮಿಗಿಲಾದ ಸುಖವೊಂದು ಕೆಲವೊಮ್ಮೆ ಅನಿರೀಕ್ಷಿತವಾಗಿ ಒದಗಿಬರುವುದುಂಟು. ಅದು ಏತರಿಂದ ಒದಗುವುದು, ಯಾವಾಗ ಒದಗದೆ ಬರಿಯ ವೇಷವಾಗಿ ಉಳಿಯುವುದು ಎಂಬುದನ್ನು ನಮ್ಮ ಬೆಳಗಾವಿಯ ಕಡೆಯ ನಿದರ್ಶನಗಳಿಂದಲೇ ಶ್ರೋತೃಗಳ ಮುಂದೆ ಇಡಬೇಕೆಂದು ನಮ್ಮ ಉದ್ದೇಶ.

೨೦೨೦ನೆಯ ಇಸವಿಯಲ್ಲಿ ಮಹಾಮಾರಿಯ ನಿಮಿತ್ತವಾಗಿ ಲೋಕವೆಲ್ಲ ಮನೆಯ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ ಪಶ್ಚಿಮ ದೇಶಗಳ ಕೆಲವರು ಒಂದು ಹೊಸ ಆಟವನ್ನು ಹೂಡಿದರು. ಈಚಿನ ಇಂಗ್ಲಿಷ್ ಪಾಪ್ ಹಾಡುಗಳನ್ನು ಲ್ಯೂಟ್, ಕೊಳಲು, ಹರ್ಡಿಗರ್ಡಿ ಮೊದಲಾದ ವಾದ್ಯಗಳ ಧ್ವನಿಗೆ ಅಳವಡಿಸಿ, ಯುರೋಪಿನ ಮಧ್ಯಯುಗದ ಅರಮನೆಯಲ್ಲಿ ಗಾಯಕನೊಬ್ಬನು ಹಾಡುತ್ತಿರುವನೋ ಎಂಬಂತೆ ಮಾಡಿ ಅಂತರ್ಜಾಲದಲ್ಲಿ ಹರಿಯಬಿಟ್ಟರು. ಅದಕ್ಕೆ 'ಬಾರ್ಡ್‌ಕೋರ್' ಎಂದು ಹೆಸರಾಯಿತು. ಹಾಡಿನ ಮಾತುಗಳನ್ನು ಸಹ ಹಳೆಯ ಇಂಗ್ಲಿಷಿನ ಛಾಯೆಗೆ ತಿರುಗಿಸಿದವರುಂಟು. ನಗುವುದಕ್ಕೆಂದು ಕೇಳತೊಡಗಿದವರು ನಗುವುದನ್ನು ಮರೆತು, ಮೂಲದ ಹಾಡಿನಲ್ಲಿ ಇಷ್ಟು ದುಃಖವಿದ್ದಿತೆಂದು ನಮಗೆ ಈವರೆಗೆ ತಿಳಿದಿರಲಿಲ್ಲವಲ್ಲ ಎಂದುಕೊಂಡರು. ನಮ್ಮ ವಿದ್ಯಾರ್ಥಿಗಳ ಮುಖಾಂತರ ಇವು ನಮ್ಮ ಕಿವಿಗೂ ಬಿದ್ದವು.

ಆಟವು ಹೊಸದು, ಆದರೆ ಆಟದ ಹಿಂದಿರುವ ಪ್ರವೃತ್ತಿಯು ಬಹಳ ಹಳೆಯದು. ಹದಿನೈದನೆಯ ಶತಮಾನದಲ್ಲಿ ಬರ್ಗಂಡಿಯ ಕಡೆ 'ಲೋಮ್ ಆರ್ಮೆ', ಎಂದರೆ 'ಆಯುಧ ಹಿಡಿದವನು' ಎಂಬ ಒಂದು ಲೌಕಿಕ ಹಾಡು ಪ್ರಸಿದ್ಧವಾಗಿದ್ದಿತು. ಅದರ ಮಟ್ಟನ್ನೇ ಬೆನ್ನೆಲುಬಾಗಿ ಇಟ್ಟುಕೊಂಡು ದ್ಯೂಫೆ, ಓಕೆಗೆಮ್, ಜೋಸ್ಕಾ, ಪಾಲೆಸ್ಟ್ರೀನ ಮೊದಲಾದ ಮಹಾ ಸಂಗೀತಕಾರರು ದೇವಾಲಯದ ಪೂಜೆಯಲ್ಲಿ ಹಾಡಬೇಕಾದ ಮಾಸ್ ಎಂಬ ಗಂಭೀರ ರಚನೆಗಳನ್ನು ಕಟ್ಟಿದರು. ಈ ಒಂದೇ ಹಾಡಿನ ಮೇಲೆ ಕಟ್ಟಿದ ಮಾಸುಗಳು ನಾಲ್ವತ್ತಕ್ಕೂ ಮಿಕ್ಕಿ ಉಳಿದುಬಂದಿವೆ. ಜೋಸ್ಕಾ ಒಬ್ಬನೇ ಎರಡನ್ನು ರಚಿಸಿದನು. ಬೀದಿಯ ಸ್ವರವು ಗರ್ಭಗುಡಿಯನ್ನು ಹೊಕ್ಕಿತೆಂದು ಧರ್ಮಾಧಿಕಾರಿಗಳು ಕಳವಳಗೊಂಡದ್ದೂ ಉಂಟು. ೧೫೬೨ರಲ್ಲಿ ಟ್ರೆಂಟಿನ ಧರ್ಮಪರಿಷತ್ತು ಅಶುದ್ಧವಾದ, ಶೃಂಗಾರದ ಸೋಂಕಿರುವ ಸಂಗೀತವನ್ನು ಚರ್ಚಿನಿಂದ ದೂರವಿಡತಕ್ಕದ್ದೆಂದು ವಿಧಿಸಿತು. ಆ ಬಳಿಕವೂ ಪಾಲೆಸ್ಟ್ರೀನನ ಆಯುಧಧಾರಿ ಮಾಸುಗಳು ಅಚ್ಚಾದವು. ಸಂಗೀತವು ಇಂತಹ ವಿಧಿಗಳಿಗೆ ಎಲ್ಲ ದೇಶಗಳಲ್ಲಿಯೂ ಅರ್ಧ ಮಾತ್ರವೇ ಕಿವಿಗೊಡುವುದೆಂದು ತೋರುತ್ತದೆ.

ಇನ್ನು ನಮ್ಮ ಕಡೆಗೆ ಬರೋಣ. ಬೆಳಗಾವಿಯಲ್ಲಿ ವಾಸಿಸುವವರಿಗೆ ಈ ವಿಷಯವನ್ನು ತಿಳಿಯಲು ಬರ್ಗಂಡಿಯವರೆಗೆ ಹೋಗುವ ಅವಶ್ಯಕತೆಯಿಲ್ಲ. ಪೇಟೆಯ ಹಾಡು ಬೈಠಕ್ಕಿಗೆ ಹೋಗುವುದು, ಬೈಠಕ್ಕಿನ ಚೀಜು ಪೇಟೆಗೆ ಇಳಿದು ಬರುವುದು, ಇವೆರಡೂ ಈ ಊರಿನ ಸುತ್ತಮುತ್ತ ನೂರೈವತ್ತು ವರ್ಷಗಳಿಂದ ನಡೆದುಬಂದಿರುವ ವ್ಯವಹಾರ. ಅದರ ದಲ್ಲಾಳಿಯು ನಾಟಕ.

೧೮೪೩ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು 'ಸೀತಾಸ್ವಯಂವರ'ವನ್ನು ಆಡಿಸಿದರು. ಮರಾಠಿ ರಂಗಭೂಮಿಯ ಆರಂಭವನ್ನು ಅಲ್ಲಿಂದ ಎಣಿಸುವುದು ರೂಢಿ. ಕರ್ನಾಟಕದಿಂದ ಬಂದ ಭಾಗವತ ಮೇಳದವರ ಆಟವನ್ನು ನೋಡಿದ ಸಾಂಗ್ಲಿಯ ದೊರೆ ಚಿಂತಾಮಣರಾವ್ ಪಟವರ್ಧನರು, ಇಂತಹದು ನಮ್ಮ ಭಾಷೆಯಲ್ಲಿಯೂ ಆಗಲೆಂದು ಇಚ್ಛಿಸಿದ್ದೇ ಅದಕ್ಕೆ ಕಾರಣವಾಯಿತು. ಅದೇ ೧೮೪೩ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಬಳವಂತ ಪಾಂಡುರಂಗ ಕಿರ್ಲೋಸ್ಕರರು ಹುಟ್ಟಿದರು. ಅಣ್ಣಾಸಾಹೇಬ ಎಂದು ಪ್ರಸಿದ್ಧರಾದವರು ಇವರೇ. (ಕಬ್ಬಿಣದ ನೇಗಿಲಿನಿಂದ ಹೆಸರಾದ ಲಕ್ಷ್ಮಣರಾವ್ ಕಿರ್ಲೋಸ್ಕರರೂ ಅದೇ ಊರಿನವರು. ಒಂದು ಸಣ್ಣ ಹಳ್ಳಿಯು ನಾಟಕದ ಹಾಡನ್ನೂ ಉಳುವ ನೇಗಿಲನ್ನೂ ಕೊಟ್ಟಿತೆಂಬುದನ್ನು ಆ ದಾರಿಯಲ್ಲಿ ಹೋಗುವವರು ನೆನೆಯಬಹುದು.) ೧೮೮೦ರಲ್ಲಿ ಪುಣೆಯಲ್ಲಿ ಅಣ್ಣಾಸಾಹೇಬರ 'ಸಂಗೀತ ಶಾಕುಂತಲ'ವು ರಂಗವೇರಿತು, ೧೮೮೨ರಲ್ಲಿ 'ಸೌಭದ್ರ'ವು ಬಂದಿತು. ಕಾಳಿದಾಸನ ಪ್ರಾಚೀನ ಕಥೆಯನ್ನು ಹೇಳುವುದಕ್ಕೆ ಅವರು ಯಾವ ಸಂಗೀತವನ್ನು ಆರಿಸಿದರು? ಲಾವಣಿ, ಸಾಕಿ, ದಿಂಡಿ, ಕೀರ್ತನಕಾರರ ಪದಗಳ ಧಾಟಿ, ಹಿಂದುಸ್ಥಾನಿ ಚೀಜುಗಳು, ಜೊತೆಗೆ ತಾವು ಚಿಕ್ಕಂದಿನಿಂದ ಕೇಳಿದ ಕರ್ನಾಟಕದ ಮಟ್ಟುಗಳು. ಎಂದರೆ ಜನರಿಗೆ ಆಗಲೇ ಗೊತ್ತಿದ್ದ ಹಾಡುಗಳು. ಶಕುಂತಲೆಯ ಬಾಯಿಂದ ತಮ್ಮ ಮನೆಯ ಜಗಲಿಯ ಮೇಲೆ ಕೇಳಿದ ಮಟ್ಟೇ ಹೊರಟಾಗ ಜನರಿಗಾದ ಆನಂದವನ್ನು ನಾವು ಊಹಿಸಿಕೊಳ್ಳಬಹುದು.

ಮರಾಠಿ ನಾಟಕಗಳು ಊರೂರು ತಿರುಗಿ ಕನ್ನಡಿಗರ ಕಿವಿಯನ್ನು ತುಂಬಿದುದರಿಂದಲೇ, ೧೮೭೦ರ ದಶಕದಲ್ಲಿ ಗದುಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿಯನ್ನು ಕಟ್ಟಬೇಕಾಯಿತು. ಕೊಟ್ಟದ್ದು ನಾವು, ಮರಳಿ ಪಡೆದದ್ದೂ ನಾವು. ಮೂಲವಾರು, ಸಾಲವಾರೆಂದು ಈಗ ಲೆಕ್ಕ ಹಾಕಹೊರಟರೆ ಖಾತೆಯ ಪುಸ್ತಕವೇ ಸಿಕ್ಕುವಂತಿಲ್ಲ.

ಮುಂದಿನ ತಲೆಮಾರಿನಲ್ಲಿ ಪ್ರವಾಹವು ತಿರುಗಿತು. ೧೯೧೬ರ 'ಸ್ವಯಂವರ' ನಾಟಕಕ್ಕೆ ಸ್ವರ ಹಾಕಿದವರು ಭಾಸ್ಕರಬುವಾ ಬಖಲೆಯವರು. ಧಾರವಾಡದಲ್ಲಿ ಕೆಲಕಾಲ ಸಂಗೀತದ ಅಧ್ಯಾಪಕರಾಗಿದ್ದವರು, ಖಯಾಲಿನ ಹಿರಿಯ ಘರಾಣೆಗಳಲ್ಲಿ ಕಲಿತವರು. ಅವರು ರಾಜದರಬಾರಿನ ಬಂದಿಶುಗಳನ್ನೇ ಕತ್ತರಿಸಿ, ಚೊಕ್ಕಟ ಮಾಡಿ, ನಾಟಕದ ಪದಗಳಿಗೆ ಹೊಂದಿಸಿದರು. ಅವನ್ನು ಹಾಡಿದವರು ಬಾಲಗಂಧರ್ವರೆಂದು ಹೆಸರಾದ ನಾರಾಯಣರಾವ್ ರಾಜಹಂಸರು, ರುಕ್ಮಿಣಿಯ ಪಾತ್ರದಲ್ಲಿ. ಪ್ರೇಕ್ಷಕರು 'ವನ್ಸ್ ಮೋರ್' ಎಂದು ಕೂಗಿ ಒಂದೇ ಪದವನ್ನು ಮೇಲಿಂದ ಮೇಲೆ ಹಾಡಿಸುತ್ತಿದ್ದರು. ಅವರು ಉಟ್ಟ ಸೀರೆಯ ರೀತಿಯನ್ನು ಮನೆಯ ಹೆಣ್ಣುಮಕ್ಕಳು ಅನುಕರಿಸಿದರು. ರಾಗದ ಹೆಸರು ತಿಳಿಯದವನು ಸಹ ಸೈಕಲ್ಲು ತುಳಿಯುತ್ತ ಭೀಮಪಲಾಸನ್ನು ಗುನುಗತೊಡಗಿದನು. ಇಂದು 'ಪಾಪ್' ಎಂಬ ಶಬ್ದದಿಂದ ಏನನ್ನು ಸೂಚಿಸುತ್ತೇವೆಯೋ ಅದೆಲ್ಲವೂ ಬಾಲಗಂಧರ್ವರ ಹಾಡುಗಳಿಗೆ ಒಪ್ಪುವುದು. ಅವು ಮೂರು ನಿಮಿಷದ ಗ್ರಾಮಫೋನ್ ತಟ್ಟೆಗಳಲ್ಲಿ ಅಂಗಡಿಗೆ ಬಂದವು, ಚಹದ ಅಂಗಡಿಯಲ್ಲಿ ಮೊಳಗಿದವು, ವಿದ್ವಾಂಸರಿಂದ ಹಳಿಸಿಕೊಂಡವು.

ಈ ತಟ್ಟೆಗಳ ಕಾಲದಲ್ಲಿಯೇ, ೧೯೨೪ನೆಯ ಏಪ್ರಿಲ್ ೮ರಂದು, ಬೆಳಗಾವಿಗೆ ಸಮೀಪದ ಸುಳೇಭಾವಿಯಲ್ಲಿ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ ಎಂಬ ಬಾಲಕನು ಜನಿಸಿದನು. ಹತ್ತು ವರ್ಷ ತುಂಬುವುದರೊಳಗೆ ಹುಡುಗನಿಗೆ ಒಂದು ವಿಚಿತ್ರ ಶಕ್ತಿಯು ಪ್ರಕಟವಾಯಿತು. ಅಬ್ದುಲ್ ಕರೀಮ್ ಖಾನರಂಥ ಹಿರಿಯರ ತಟ್ಟೆಯನ್ನು ಕೇಳಿದನೆಂದರೆ ಆಲಾಪ, ತಾನು, ಉಸಿರು ಎಳೆದುಕೊಳ್ಳುವ ಸ್ಥಳ ಸಹಿತವಾಗಿ ಹಾಗೆಯೇ ಒಪ್ಪಿಸಿಬಿಡುತ್ತಿದ್ದನು. ಕುಮಾರ ಗಂಧರ್ವ ಎಂಬ ಬಿರುದು ಅವನಿಗೆ ಬಂದುದು ಆಗಲೇ. ಆಮೇಲೆ ಮುಂಬಯಿಯಲ್ಲಿ ಬಿ. ಆರ್. ದೇವಧರರ ಶಾಲೆಯಲ್ಲಿ ವಿದ್ಯಾಭ್ಯಾಸವಾಯಿತು. ಅನುಕರಣದಲ್ಲಿ ಅಷ್ಟು ನಿಪುಣನಾದವನು ಮುಂದೆ ಯಾರನ್ನೂ ಅನುಕರಿಸದ ಗಾಯಕನಾದುದು ಹೇಗೆಂಬುದೇ ಸ್ವಾರಸ್ಯದ ಸಂಗತಿ.

ಕ್ಷಯರೋಗವು ಅವರನ್ನು ಹಿಡಿಯಿತು. ಒಣ ಹವೆಗಾಗಿ ೧೯೪೮ರಲ್ಲಿ ಮಾಳವ ಪ್ರಾಂತದ ದೇವಾಸಕ್ಕೆ ಹೋಗಿ ನೆಲೆಸಿದರು. ಹಾಡಕೂಡದೆಂದು ವೈದ್ಯರ ಅಪ್ಪಣೆ. ಹಾಡಲಾರದ ಗಾಯಕನಿಗೆ ಕೇಳುವುದೊಂದೇ ಉಳಿದುದರಿಂದ, ಹಾಸಿಗೆಯಲ್ಲಿ ಮಲಗಿ ಕಿಟಕಿಯ ಹೊರಗಿನ ಹಾಡನ್ನು ಕೇಳುತ್ತ ಕಾಲ ಕಳೆದರು. ಹೊಲಕ್ಕೆ ಹೋಗುವ ಹೆಂಗಸರ ಹಾಡು, ಮದುವೆಯ ಹಾಡು, ಭಿಕ್ಷಕ್ಕೆ ಬಂದ ನಾಥಪಂಥದವನ ಕಬೀರನ ಪದ. ಈ ಧುನುಗಳಲ್ಲಿ ಬಹುಮಟ್ಟಿಗೆ ನಾಲ್ಕೈದು ಸ್ವರಗಳೇ ಇರುವುವು. ಅಷ್ಟರಲ್ಲಿಯೇ ಒಂದು ರಾಗದ ಬೀಜವು ಅಡಗಿರುವುದೆಂದು ಅವರಿಗೆ ತೋರಿತು. ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧದಿಂದ ಗುಣ ಹೊಂದಿ, ಸುಮಾರು ಐದು ವರ್ಷಗಳ ಬಳಿಕ ಮರಳಿ ಹಾಡತೊಡಗಿದಾಗ, ಆ ಧುನುಗಳಿಂದ ಬೆಳೆಸಿದ ಹೊಸ ರಾಗಗಳನ್ನು ತಂದರು. ಅವಕ್ಕೆ 'ಧುನ್-ಉಗಮ' ರಾಗಗಳೆಂದು ಹೆಸರಿಟ್ಟರು. ತಮ್ಮ ಬಂದಿಶುಗಳನ್ನು ೧೯೬೫ರಲ್ಲಿ 'ಅನೂಪರಾಗವಿಲಾಸ'ವೆಂಬ ಗ್ರಂಥವಾಗಿ ಪ್ರಕಟಿಸಿದರು. ಶಾಸ್ತ್ರವು ಮೊದಲು, ಜಾನಪದವು ಅದರ ಮುರುಕು ಎಂದು ತಿಳಿದವರಿಗೆ ಇದು ತಲೆಕೆಳಗಾದ ಮಾತಾಯಿತು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು ಅವರ ಮತ್ತೊಂದು ಕೆಲಸ. ಬಾಲಗಂಧರ್ವರ ನಾಟ್ಯಗೀತಗಳನ್ನೇ ಎತ್ತಿಕೊಂಡು 'ಮಲಾ ಉಮಜಲೇಲೇ ಬಾಲಗಂಧರ್ವ', ಎಂದರೆ 'ನನಗೆ ತಿಳಿದಂತೆ ಬಾಲಗಂಧರ್ವ', ಎಂಬ ಕಾರ್ಯಕ್ರಮವನ್ನು ರೂಪಿಸಿದರು. ದರಬಾರಿನ ಬಂದಿಶು ರಂಗಸ್ಥಳಕ್ಕೆ ಇಳಿದು ಬೀದಿಯ ಹಾಡಾಗಿದ್ದಿತಷ್ಟೆ? ಈಗ ಬೀದಿಯ ಹಾಡು ಬೈಠಕ್ಕಿಗೆ ಏರಿತು. ಹಾಗೆ ಏರಿದುದು ಮೊದಲಿನ ಬಂದಿಶಾಗಿ ಅಲ್ಲ. ನಡುವೆ ಬಾಲಗಂಧರ್ವರ ಕೊರಳು, ಥಿಯೇಟರಿನ ಗ್ಯಾಸಿನ ದೀಪ, ತಟ್ಟೆಯ ಕಿರಕಿರ ಶಬ್ದ, ಇವೆಲ್ಲವುಗಳ ನೆನಪನ್ನು ಹೊತ್ತುಕೊಂಡು ಏರಿತು. ಬಾಲಗಂಧರ್ವರ ಸವಿಯನ್ನು ಕುಮಾರರು ನಕಲು ಮಾಡುವುದಿಲ್ಲ. ಚಿಕ್ಕಂದಿನಲ್ಲಿ ಮಾಡಿದ್ದರೆ ಲೀಲಾಜಾಲವಾಗಿ ಮಾಡುತ್ತಿದ್ದರು. ಸವಿಯು ಎಲ್ಲಿಂದ ಹುಟ್ಟಿತೆಂಬುದನ್ನು ಹುಡುಕುತ್ತ ಹೋಗುವರು. ಒಂದು ಸ್ವರದ ಮೇಲೆ ನಿಲ್ಲುವರು, ಥಟ್ಟನೆ ಬಿಡುವರು, ಮೌನದಿಂದ ಮತ್ತೆ ಎತ್ತುವರು.

ಈ ವಿಚಾರಗಳು ಪುಸ್ತಕದಿಂದಲೂ ತಿಳಿಯುವುವು. ಆದರೆ ಅವು ನಮಗೆ ಅನುಭವಕ್ಕೆ ಬಂದುದು ಖಾನಾಪುರದ ಒಂದು ಮನೆಯ ಪಡಸಾಲೆಯಲ್ಲಿ. ಬೆಳಗಾವಿಯಿಂದ ರೈಲಿನಲ್ಲಿ ಲೋಂಡಾದ ಕಡೆಗೆ ಹೊರಟರೆ ಬಯಲು ಮುಗಿದು ಕಾಡು ಆರಂಭವಾಗುವ ಸ್ಥಳದಲ್ಲಿ ಈ ಊರು ಇರುವುದು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಇನ್ನೂ ಎಳೆಯವಳಾಗಿ ಅದರ ಪಕ್ಕದಲ್ಲಿ ಹರಿಯುವಳು. ಕದಂಬರ ಹಲಸಿಯು ಅದೇ ತಾಲ್ಲೂಕಿನಲ್ಲಿದೆ. ಕನ್ನಡ, ಮರಾಠಿ, ಕೊಂಕಣಿ ಮೂರೂ ಒಂದೇ ಸಂತೆಯಲ್ಲಿ ಕೇಳಿಸುವ ಊರು ಅದು. ಚೌತಿಯ ದಿನಗಳು, ಹೊರಗೆ ಮಳೆ. ಸಂಗೀತದ ಮಾಸ್ತರರೊಬ್ಬರು ಹಾಡುವರೆಂದು ಸ್ನೇಹಿತರು ಕರೆದಿದ್ದರು. ಬೀದಿಯ ಮಂಟಪದಿಂದ ಧ್ವನಿವರ್ಧಕದಲ್ಲಿ ಆ ವರ್ಷದ ಸಿನೇಮಾ ಹಾಡೊಂದು ಮಧ್ಯಾಹ್ನದಿಂದ ಹತ್ತು ಬಾರಿ ಮೊಳಗಿದ್ದಿತು. ಚಿತ್ರದ ಹೆಸರು ಇಲ್ಲಿ ಮುಖ್ಯವಲ್ಲ. ಅಂತಹ ಹಾಡು ಪ್ರತಿ ವರ್ಷವೂ ಒಂದು ಇರುವುದು. ಮಾಸ್ತರರು ತಂಬೂರಿಯನ್ನು ಶ್ರುತಿಗೊಳಿಸಿ, ಒಂದು ಗಳಿಗೆ ಆ ಗದ್ದಲವನ್ನು ಕೇಳಿ, ಏನನ್ನೂ ಹೇಳದೆ ವಿಲಂಬಿತ ಏಕತಾಳದಲ್ಲಿ ಎತ್ತಿದರು.

ಮೊದಲ ಆವರ್ತನವು ಮುಗಿಯುವವರೆಗೆ ಯಾರಿಗೂ ಗುರುತು ಹತ್ತಲಿಲ್ಲ. ಎರಡನೆಯ ಬಾರಿ ಮಾತುಗಳು ಬಂದಾಗ ಮೂಲೆಯಲ್ಲಿದ್ದ ಹುಡುಗರು ಕಿಸಕ್ಕನೆ ನಕ್ಕರು. ಮೂರನೆಯದಕ್ಕೆ ನಗು ನಿಂತಿತು. ಅರ್ಧ ಗಂಟೆಯ ತರುವಾಯ ಹಾಡು ಮುಗಿದಾಗ ಆ ಮನೆಯ ಅಜ್ಜಿಯವರು, "ಕಂಪನಿ ನಾಟಕದಾಗಿನ ಹಳೀ ಪದ ಇದು. ಯಾವ ನಾಟಕ ಅಂತ ನೆನಪಾಗವಲ್ದು" ಎಂದರು. ಮೊಮ್ಮಗನು ಮಾತ್ರ ಎದ್ದು ಬಂದು, "ಮಾಸ್ತರ, ಇದು ಹೊರಗ ಹಚ್ಚಿದ್ರಲ್ಲ ಆ ಹಾಡs ಅಲ್ಲೇನ್ರಿ?" ಎಂದು ಕೇಳಿದನು. ಮಾಸ್ತರರು, "ಹೌದಪಾ, ಅದs" ಎಂದಷ್ಟೇ ಹೇಳಿ ನೀರು ಕುಡಿದರು.

ಆ ಅರ್ಧ ಗಂಟೆಯಲ್ಲಿ ನಡೆದುದೇನು? ಸ್ವಲ್ಪ ಬಿಡಿಸಿ ಹೇಳುವೆವು. ಮೂಲದ ಹಾಡು ಎಂಟು ಮಾತ್ರೆಯ ಕೆಹರವಾ ನಡೆಯಲ್ಲಿ ಓಡುವಂಥದು. ನಡುನಡುವೆ ವಾದ್ಯಗಳ ಅಬ್ಬರ. ಕಿವಿಯಲ್ಲಿ ಅಂಟಿಕೊಳ್ಳುವಂತೆ ಮತ್ತೆ ಮತ್ತೆ ಬರುವ ಒಂದೇ ಸಾಲು. ಮಾಸ್ತರರು ಅಬ್ಬರವನ್ನೆಲ್ಲ ಬಿಟ್ಟರು, ಚರಣಗಳಲ್ಲಿಯೂ ಒಂದನ್ನುಳಿದು ಮಿಕ್ಕವನ್ನು ಬಿಟ್ಟರು. ಆ ಒಂದು ಸಾಲನ್ನೇ ಮುಖಡವಾಗಿ ಹಿಡಿದರು. ಈಗ ರಾಗದ ಪ್ರಶ್ನೆ. ಸಾಲಿನ ಸ್ವರಗಳು ಬಹುಮಟ್ಟಿಗೆ ದೇಸ್ ರಾಗಕ್ಕೆ ಸಲ್ಲುವುವು. ಏರುವಾಗ ಶುದ್ಧ ನಿಷಾದ, ಇಳಿಯುವಾಗ ಕೋಮಲ ನಿಷಾದ. ಆದರೆ ಸಾಲಿನ ಕೊನೆಯಲ್ಲಿ, ಎಲ್ಲಿ ಹುಡುಗರು ತಲೆ ಅಲ್ಲಾಡಿಸುವರೋ ಅದೇ ಸ್ಥಳದಲ್ಲಿ, ಒಂದು ಕೋಮಲ ಗಾಂಧಾರವು ಮಿಂಚಿ ಹೋಗುವುದು. ದೇಸ್‌ನಲ್ಲಿ ಅದಕ್ಕೆ ಸ್ಥಳವಿಲ್ಲ. ಅದನ್ನು ತೆಗೆದುಹಾಕಿದರೆ ರಾಗವು ಶುದ್ಧವಾಗುವುದು, ಹಾಡು ಸಾಯುವುದು. ಇಟ್ಟರೆ ಹಾಡು ಉಳಿಯುವುದು, ರಾಗವು ಕೆಡುವುದು. ಮಾಸ್ತರರು ಜಯಜಯವಂತಿಯನ್ನು ಹಿಡಿದಿದ್ದರು. ಆ ರಾಗದಲ್ಲಿ ಎರಡು ನಿಷಾದಗಳಂತೆ ಎರಡು ಗಾಂಧಾರಗಳೂ ಉಂಟು. ಕೋಮಲ ಗಾಂಧಾರವು ಎರಡು ರಿಷಭಗಳ ನಡುವೆ, ಇಬ್ಬರು ಅಕ್ಕಂದಿರ ಕೈ ಹಿಡಿದುಕೊಂಡ ಮಗುವಿನಂತೆ ಬರುವುದು. ಸಿನೇಮಾ ಹಾಡಿನಲ್ಲಿ ಅಲಂಕಾರಕ್ಕೆಂದು ತೂರಿಬಂದಿದ್ದ ಸ್ವರವು ಇಲ್ಲಿ ರಾಗದ ಪ್ರಾಣಸ್ಥಾನವಾಯಿತು. ಸಂಗೀತ ನಿರ್ದೇಶಕನು ತಿಳಿದು ಹಾಕಿದ್ದನೋ, ಕೈತಪ್ಪಿ ಬಿದ್ದಿತೋ ಯಾರು ಬಲ್ಲರು!

ಇನ್ನೊಂದು, ತಾಳದ ಮಾತು. ಮೂಲದಲ್ಲಿ ಪೆಟ್ಟು ಬೀಳುವುದು ನಾಯಕಿಯನ್ನು ಕೂಗಿ ಕರೆಯುವ ಸಂಬೋಧನೆಯ ಮೇಲೆ. ಹನ್ನೆರಡು ಮಾತ್ರೆಯ ಏಕತಾಳಕ್ಕೆ ಹಿಗ್ಗಿಸಿದಾಗ ಸಮವು 'ಬಾ' ಎಂಬ ಕ್ರಿಯಾಪದದ ಮೇಲೆ ಬಂದಿತು. ಇಷ್ಟರಿಂದಲೇ ಅರ್ಥವು ತಿರುಗಿತು. ಮೊದಲು ಅದು ಹುಡುಗಿಯೊಬ್ಬಳನ್ನು ಗುಂಪಿನ ನಡುವೆ ಕೂಗುವ ಹಾಡಾಗಿದ್ದಿತು; ಈಗ ಬಾರದವಳಿಗಾಗಿ ಕಾಯುವ ಹಾಡಾಯಿತು. ಮಾತು ಒಂದಕ್ಷರವೂ ಬದಲಾಗಿರಲಿಲ್ಲ.

ಇಂತಹ ಗಾಯನದಿಂದ ಸುಖವು ಉಂಟಾಗುವ ಬಗೆಯು ಈಗ ಸ್ವಲ್ಪ ಸ್ಪಷ್ಟವಾಗಬಹುದು. ಗೊತ್ತಿಲ್ಲದ ಬಂದಿಶನ್ನು ಕೇಳುವಾಗ ನಮ್ಮ ಗಮನದ ಬಹುಭಾಗವು ಅದರ ಆಕಾರವನ್ನು ಹಿಡಿಯುವುದರಲ್ಲಿಯೇ ವೆಚ್ಚವಾಗುವುದು. ಗೊತ್ತಿರುವ ಹಾಡಾದರೆ ಆಕಾರವನ್ನು ನೆನಪೇ ಹೊತ್ತು ನಿಲ್ಲುವುದು. ಕಿವಿಯು ಬಿಡುವಾಗಿ ಗಾಯಕನು ಅದರಿಂದ ಎಲ್ಲಿ ಸರಿದನು, ಎಲ್ಲಿ ತಡೆದನು, ಎಲ್ಲಿ ತಿರುಗಿ ಬಂದನು ಎಂಬುದನ್ನೇ ಅನುಸರಿಸಬಲ್ಲುದು. ಹೀಗೆ ಮನಸ್ಸಿನಲ್ಲಿ ಎರಡು ಹಾಡುಗಳು ಒಟ್ಟಿಗೆ ನಡೆಯುವುವು. ಒಂದು ಒಳಗೆ ವೇಗವಾಗಿ, ಒಂದು ಹೊರಗೆ ನಿಧಾನವಾಗಿ. ಇವುಗಳ ನಡುವಣ ಅಂತರದಲ್ಲಿ ರಸವಿರುವುದು. ಶಾಸ್ತ್ರೀಯ ಸಂಗೀತವು ತಮಗೆ ನಿಲುಕದೆಂದು ದೂರ ನಿಲ್ಲುವ ನಮ್ಮ ವಿದ್ಯಾವಂತರಲ್ಲಿ ಅನೇಕರಿಗೆ ಕೊರತೆಯಾಗಿರುವುದು ಶಾಸ್ತ್ರಜ್ಞಾನವಲ್ಲ, ಒಳಗೆ ನಡೆಯಬೇಕಾದ ಈ ಮೊದಲನೆಯ ಹಾಡು. ಖಾನಾಪುರದ ಹುಡುಗರ ಬಳಿ ಅದು ಇದ್ದಿತು, ಅಜ್ಜಿಯ ಬಳಿ ಇರಲಿಲ್ಲ. ಆದರೆ ಅಜ್ಜಿಯ ಬಳಿ ನಾಟಕದ ಪದಗಳಿದ್ದುವಾದುದರಿಂದ ಆಕೆಯು ಬೇರೊಂದು ಬಾಗಿಲಿನಿಂದ ಒಳಗೆ ಹೋದಳು.

ಎಲ್ಲ ಹಾಡುಗಳಿಗೂ ಇದು ಒಗ್ಗುವುದೆಂದು ನಾವು ಹೇಳುವವರಲ್ಲ. ಬರಿಯ ತಾಳದ ಬಲದಿಂದ ನಡೆಯುವ ಹಾಡನ್ನು ನಿಧಾನಗೊಳಿಸಿದರೆ ಎಲುಬು ಕಾಣುವುದೇ ಹೊರತು ಮಾಂಸವು ಕಾಣದು. ಹಾಡಿಗೆ ರಾಗದ ಬಟ್ಟೆಯನ್ನು ಹೊರಗಿನಿಂದ ಸುತ್ತಿ, ಕೊನೆಗೆ ನಾಲ್ಕು ತಾನುಗಳನ್ನು ಸಿಡಿಸಿ ಚಪ್ಪಾಳೆ ಗಿಟ್ಟಿಸುವ ಪ್ರಯೋಗಗಳು ಈಗ ಅಂತರ್ಜಾಲದಲ್ಲಿ ಹೇರಳವಾಗಿವೆ. ಗುರುತು ಹತ್ತಿದ ಕ್ಷಣದಲ್ಲಿ ಅವುಗಳ ಕೆಲಸವು ಮುಗಿಯುವುದು. ಬಾರ್ಡ್‌ಕೋರಿನ ಹಾಡುಗಳಲ್ಲಿಯೂ ಹತ್ತರಲ್ಲಿ ಎಂಟು ಈ ಜಾತಿಯವೆಂದೇ ನಮ್ಮ ಅಭಿಪ್ರಾಯ.

'ಪುರಾತನ ಶೈಲಿ' ಎಂಬ ಮಾತಿನ ಮೇಲೆ ಸಹ ಒಂದು ಕಣ್ಣಿಡಬೇಕಾಗಿದೆ. ಪುರಾತನವೆಂದರೆ ಎಷ್ಟು ಪುರಾತನ? ಖಯಾಲ್ ಗಾಯನವು ದರಬಾರಿನಲ್ಲಿ ಮೇಲುಗೈ ಪಡೆದುದು ದಿಲ್ಲಿಯ ಮಹಮ್ಮದ್ ಶಾಹನ ಕಾಲದಲ್ಲಿ, ಎಂದರೆ ೧೭೧೯ರಿಂದ ೧೭೪೮ರೊಳಗೆ; ಅವನ ಆಸ್ಥಾನದ ನಿಯಾಮತ್ ಖಾನ್ 'ಸದಾರಂಗ'ನ ಚೀಜುಗಳನ್ನು ಇಂದಿಗೂ ಹಾಡುತ್ತಾರೆ. ತಬಲಾ ಪ್ರಚಾರಕ್ಕೆ ಬಂದುದೂ ಹದಿನೆಂಟನೆಯ ಶತಮಾನದಲ್ಲಿಯೇ. ನಾಟ್ಯಗೀತಕ್ಕೆ ಉಸಿರಾದ ಹಾರ್ಮೋನಿಯಮ್ಮಿಗೆ ಪ್ಯಾರಿಸ್ಸಿನ ದೆಬೇನ್ ಎಂಬವನು ಹಕ್ಕುಪತ್ರ ಪಡೆದುದು ೧೮೪೨ರಲ್ಲಿ. ಭಾವೆಯವರ 'ಸೀತಾಸ್ವಯಂವರ'ಕ್ಕೆ ಒಂದು ವರ್ಷ ಮಾತ್ರ ಹಿರಿಯದು. ಆ ವಾದ್ಯವನ್ನು ಪರಕೀಯವೆಂದೂ ಶ್ರುತಿಗೆಟ್ಟುದೆಂದೂ ೧೯೪೦ರಲ್ಲಿ ಆಲ್ ಇಂಡಿಯಾ ರೇಡಿಯೋ ಹೊರಗಿಟ್ಟಿತು. ೧೯೭೧ರವರೆಗೆ ಆ ನಿಷೇಧವು ಸಡಿಲವಾಗಲಿಲ್ಲ. ಈಗ ಅದೇ ಹಾರ್ಮೋನಿಯಮ್ಮಿನ ಧ್ವನಿಯನ್ನು ಕೇಳಿದೊಡನೆ ಬೆಳಗಾವಿಯವರು "ಆಹಾ, ಹಳೆಯ ಕಾಲ!" ಎನ್ನುವರು. ಹನ್ನೆರಡನೆಯ ಶತಮಾನದ ವಚನಗಳನ್ನು ಮಲ್ಲಿಕಾರ್ಜುನ ಮನಸೂರರು ಹಾಡಿದಾಗ ನಮಗೆ ಕಲ್ಯಾಣದ ಅನುಭವಮಂಟಪವೇ ಎದುರಿಗೆ ಬಂದಂತಾಗುವುದು. ಆ ಗಾಯನದ ಶೈಲಿಯು ವಚನಗಳಿಗಿಂತ ಅನೇಕ ಶತಮಾನಗಳಷ್ಟು ಕಿರಿಯದು. ಮನಸೂರರಾದರೂ ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದಾಗಲೇ ಗುರುಗಳಾದ ನೀಲಕಂಠಬುವಾ ಅವರ ಕಣ್ಣಿಗೆ ಬಿದ್ದವರು. ಹಳೆಯತನವೆಂಬುದು ಬಹುಮಟ್ಟಿಗೆ ಕೇಳುವವನ ಕಿವಿಯಲ್ಲಿರುವುದು, ಪಂಚಾಂಗದಲ್ಲಲ್ಲ.

ಈ ರೂಪಾಂತರಗಳಿಗೆ ಆಕ್ಷೇಪವು ಎರಡು ಕಡೆಯಿಂದ ಬರುವುದು. ಪಂಡಿತರು ರಾಗವು ಅಗ್ಗವಾಯಿತೆನ್ನುವರು. ರಸಿಕ ತರುಣರು ನಮ್ಮ ಹಾಡನ್ನು ಮುದುಕನನ್ನಾಗಿ ಮಾಡಿದರೆನ್ನುವರು. ಮೊದಲನೆಯವರಿಗೆ 'ಸಂಧ್ಯಾರಾಗ' ಚಿತ್ರವನ್ನು ನೆನಪಿಸಬಹುದು. ೧೯೬೬ರಲ್ಲಿ ಜಿ. ಕೆ. ವೆಂಕಟೇಶರು ಅದಕ್ಕಾಗಿ ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರಿಂದಲೂ ಹಾಡಿಸಿದರು. ಆ ಹಾಡುಗಳಿಂದ ರಾಗಕ್ಕೆ ನಷ್ಟವಾದುದನ್ನು ನಾವು ಕಾಣೆವು. ಎರಡನೆಯವರಿಗೆ ಉತ್ತರ ಹೇಳುವುದು ಕಷ್ಟ. ಅವರ ದೂರಿನಲ್ಲಿ ಸತ್ಯವಿದೆ. ಹಾಡಿನ ಎಳೆತನವೇ ಅದರ ಸೊಗಸಾಗಿದ್ದಲ್ಲಿ ಅದನ್ನು ವಿಲಂಬಿತಕ್ಕೆ ಎಳೆಯುವುದು ಅನ್ಯಾಯವೇ ಸರಿ.

ಬೆಳಗಾವಿಯಲ್ಲಿ ಮೂರನೆಯ ಆಕ್ಷೇಪವೂ ಒಂದುಂಟು. ಅದನ್ನು ಬಾಯಿಬಿಟ್ಟು ಹೇಳುವವರು ಕಡಮೆ. ಮನಸ್ಸಿನಲ್ಲಿ ಇಟ್ಟುಕೊಳ್ಳುವವರು ಹೆಚ್ಚು. ೧೯೫೬ರಲ್ಲಿ ಈ ಜಿಲ್ಲೆಯು ಮುಂಬಯಿ ಪ್ರಾಂತದಿಂದ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದಂದಿನಿಂದ ಇಲ್ಲಿ ಯಾವ ಹಾಡು ಕೇಳಿದರೂ ಅದು ಯಾರ ಭಾಷೆಯದೆಂದು ಮೊದಲು ವಿಚಾರಿಸುವ ಅಭ್ಯಾಸವು ಬೆಳೆದಿದೆ. ನಾಟ್ಯಗೀತವೆಂದರೆ ಅವರದು, ಹಂತಿಯ ಹಾಡೆಂದರೆ ನಮ್ಮದು ಎಂಬ ಪಾಲುಪಟ್ಟಿಯನ್ನು ಕಾಲೇಜಿನ ಸ್ನೇಹಸಮ್ಮೇಲನಗಳಲ್ಲಿ ಸಹ ನಾವು ಕಂಡಿದ್ದೇವೆ. ಇಷ್ಟಾಗಿ, ಮರಾಠಿ ನಾಟಕಕ್ಕೆ ಕರ್ನಾಟಕದ ಮಟ್ಟುಗಳನ್ನು ಹೊತ್ತೊಯ್ದವರು ಗುರ್ಲಹೊಸೂರಿನವರು. ಆ ನಾಟಕದ ಪದಗಳನ್ನು ಬೈಠಕ್ಕಿಗೆ ಮರಳಿಸಿ ಮರಾಠಿ ರಸಿಕರಿಗೇ ಹೊಸದಾಗಿ ತಿಳಿಸಿಕೊಟ್ಟವರು ಕನ್ನಡ ಮನೆಯಲ್ಲಿ ಹುಟ್ಟಿದ ಸುಳೇಭಾವಿಯವರು. ಪಾಲು ಮಾಡಹೊರಟರೆ ಕತ್ತಿಯು ಹಾಡಿನ ನಡುವೆಯೇ ಹಾಯುವುದು. ಈ ಕಾರಣದಿಂದ ನಾಟ್ಯಗೀತವನ್ನು ನಮ್ಮದಲ್ಲವೆಂದು ಬಿಟ್ಟುಕೊಡುತ್ತಿರುವ ಕನ್ನಡ ತರುಣರ ವಿಷಯದಲ್ಲಿಯೂ, ಅದರ ಕನ್ನಡ ಬೇರನ್ನು ಹೇಳಿದರೆ ಮುನಿಯುವ ಮರಾಠಿ ತರುಣರ ವಿಷಯದಲ್ಲಿಯೂ ನಮಗೆ ಸಮನಾದ ಚಿಂತೆಯಿದೆ. ಹಳೆಯ ಪದಗಳನ್ನು ಬಾಯಿಪಾಠವಾಗಿ ಬಲ್ಲವರು ಈ ಊರಿನಲ್ಲಿ ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಏಣಗಿ ಬಾಳಪ್ಪನವರು ನೂರು ವರ್ಷ ದಾಟಿ ೨೦೧೭ರಲ್ಲಿ ತೀರಿಕೊಂಡಾಗ ಅವರೊಡನೆ ಎಷ್ಟು ರಂಗಗೀತಗಳು ಹೋದುವೋ! ಒಳಗೆ ನಡೆಯಬೇ​ಕಾದ ಮೊದಲನೆಯ ಹಾಡೇ ಇಲ್ಲವಾದರೆ ಹೊರಗಿನ ರೂಪಾಂತರವನ್ನು ಯಾರಿಗಾಗಿ ಹಾಡುವುದು?

ಪ್ರಯತ್ನಿಸಿ ನೋಡಬೇಕೆನ್ನುವ ಶ್ರೋತೃಗಳಿಗೆ ಕ್ರಮವೊಂದನ್ನು ಸೂಚಿಸುವೆವು. ಬಾಲಗಂಧರ್ವರ ತಟ್ಟೆಗಳ ಧ್ವನಿಯು ಈಗ ಸುಲಭವಾಗಿ ದೊರೆಯುವುದು. 'ಸ್ವಯಂವರ'ದ ಯಾವುದಾದರೂ ಒಂದು ಪದವನ್ನು ಆರಿಸಿಕೊಂಡು, ಭಾಷೆಯು ತಿಳಿಯದಿದ್ದರೂ ಚಿಂತಿಸದೆ, ಮೂರು ನಾಲ್ಕು ದಿನ ಬಿಡದೆ ಕೇಳಿರಿ. ಸ್ನಾನಕ್ಕೆ ಹೋದಾಗ ತಾನಾಗಿ ಬಾಯಿಗೆ ಬರತೊಡಗಿದರೆ ಸಾಕು. ಅನಂತರ ಅದೇ ಪದವನ್ನು ಕುಮಾರ ಗಂಧರ್ವರ ಕಾರ್ಯಕ್ರಮದ ಧ್ವನಿಮುದ್ರಣದಲ್ಲಿ ಹುಡುಕಿ, ರಾತ್ರಿ ಊಟವಾದ ಮೇಲೆ, ದೀಪವನ್ನು ಸಣ್ಣದು ಮಾಡಿ ಕೇಳಿರಿ. ಸಿನೇಮಾ ಹಾಡಿನಿಂದ ತೊಡಗಬೇಕೆನ್ನುವವರು ಮನೆಗೆ ಸಂಗೀತ ಹೇಳಲು ಬರುವ ಮಾಸ್ತರರನ್ನೇ ಕೇಳಬಹುದು. ಹೆಚ್ಚಿನವರು ಮೊದಲು ಒಲ್ಲೆನೆನ್ನುವರು. ಎರಡನೆಯ ಬಾರಿಗೆ ತಂಬೂರಿಯ ಗವಸು ಬಿಚ್ಚುವರು.